ನಾಲ್ಕನೆಯ ಉಡದಾರ

ಈ ಸಲ ಅಂಬಣ್ಣ ಕಿಸೆಯಲ್ಲಿ ಒಂದು ದುಡ್ಡನ್ನೂ ಇಟ್ಟುಕೊಳ್ಳದೆ ಮನೆ ಬಿಟ್ಟಿದ್ದ. ಮರೆತಲ್ಲ, ಬೇಕೆಂದೇ. ಹೋದ ಮೂರು ವಾರವೂ ಅವನಿಗೆ ಮೋಸ ಮಾಡಿದ್ದು ಆ ಕಿಸೆಯೇ. ಉದಗೀರಿನ ಚೌಬಾರದ ಹತ್ತಿರ ಮನ್ಮಥಪ್ಪ ಸಾವಕಾರರ ಅರಿವೆ ದುಕಾನದ ಮುಂದೆ ಹೋಗಿ ನಿಲ್ಲುವುದು, ಗಾದಿಯ ಮೇಲೆ ಕುಳಿತ ಸಾವಕಾರರು ಮೂಗಿಗೇರಿಸುವ ತಪಕೀರಿನ ಡಬ್ಬಿ ಮುಚ್ಚಿ "ಕಾಯ ಪಾಹಿಜೆ?" ಏನು ಬೇಕು ಎಂದು ಮರಾಠಿಯಲ್ಲಿ ಕೇಳುವುದು, ನನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳಿರಿ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ ಮಾತು ಗಂಟಲಿನವರೆಗೆ ಬಂದು ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಡುವುದು, ಬಾಯಿ ಮಾತ್ರ ತಾನಾಗಿಯೇ "ಉಡದಾರ" ಎಂದುಬಿಡುವುದು. ನಡುವಿಗೆ ಕಟ್ಟುವ ಕರಿ ದಾರ. ದುಕಾನದಲ್ಲಿ ಅದಕ್ಕಿಂತ ಅಗ್ಗದ ಸಾಮಾನು ಇನ್ನೊಂದಿರಲಿಲ್ಲ. ಅದಕ್ಕೇ ಇರಬೇಕು, ಹೆದರಿದ ಬಾಯಿಗೆ ಅದೇ ಹೊಳೆಯುತ್ತಿತ್ತು. ಮೂರು ವಾರಕ್ಕೆ ಮೂರು ಉಡದಾರ. ದೇವರು ಮನುಷ್ಯನಿಗೆ ಕೊಟ್ಟದ್ದು ಒಂದೇ ನಡು. ಮೂರನ್ನೂ ಹಳೆಯ ಅಂಗಿಯಲ್ಲಿ ಸುತ್ತಿ ಸಂದೂಕಿನ ತಳದಲ್ಲಿ ಹುದುಗಿಸಿಟ್ಟಿದ್ದ. ಕಿಸೆ ಖಾಲಿ ಇದ್ದರೆ ಬಾಯಿ ಏನೇ ಒದರಿದರೂ ಕೊಳ್ಳುವಂತಿಲ್ಲ, ಕೊಳ್ಳದಿದ್ದರೆ ಪಾರಾಗುವಂತಿಲ್ಲ, ನಿಜ ಹೇಳದೆ ಗತಿಯಿಲ್ಲ. ಈ ಉಪಾಯ ಹೊಳೆದಾಗ ಅಂಬಣ್ಣ ಹಿತ್ತಲಲ್ಲಿ ಒಬ್ಬನೇ ನಕ್ಕಿದ್ದ. ಪಾಪ, ಅದರ ಇನ್ನೊಂದು ತುದಿ ಎಲ್ಲಿ ಹೋಗಿ ಚುಚ್ಚುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಉಡದಾರದ ಮಾತು ಹಾಳಾಗಲಿ, ಸುಳ್ಳಿನದು ಅದಕ್ಕಿಂತ ದೊಡ್ಡದು. ಮೊದಲನೆಯ ವಾರ ಸೋತ ಮುಖ ಹೊತ್ತು ಊರಿಗೆ ಬಂದಾಗ ಹೊಸ್ತಿಲಲ್ಲಿ ಅವ್ವ ಸರುಬಾಯಿ ನಿಂತಿದ್ದಳು. ಅವಳ ಹಿಂದೆ ಹೆಂಡತಿ ಪ್ರಯಾಗಬಾಯಿ, ಮೊಳಕೈತನಕ ಹಿಟ್ಟು. ಮನ್ಮಥಪ್ಪ ಸಾವಕಾರರ ಹಳೆಯ ಗುಮಾಸ್ತನ ಕಣ್ಣು ಮಂಜಾಗಿವೆ, ದುಕಾನಕ್ಕೆ ಒಬ್ಬ ಮನುಷ್ಯ ಬೇಕಾಗಿದ್ದಾನೆ ಎಂಬ ಸುದ್ದಿ ತಂದದ್ದೇ ಪ್ರಯಾಗಬಾಯಿಯ ತವರೂರಾದ ವಲಾಂಡಿಯವರು. "ಏನಂದ್ರೋ ಸಾವಕಾರ್ರು?" ಎಂದು ಅವ್ವ ಕೇಳಿದಳು. "ದುಕಾನ ಮುಚ್ಚ್ಯದ. ಸಾವಕಾರ್ರಿಗಿ ಜ್ವರ ಬಂದಾವಂತ" ಎಂದುಬಿಟ್ಟ. ಎಷ್ಟು ಸಲೀಸಾಗಿ ಬಂತು ಆ ಮಾತು! ನಿಜ ಹೇಳಲು ತಡವರಿಸುವ ನಾಲಿಗೆ ಸುಳ್ಳಿಗೆ ಎಣ್ಣೆ ಹಚ್ಚಿದಂತೆ ಹರಿಯಿತು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅವ್ವ "ಅಯ್ಯ ಶಿವನೇ, ಮಕ್ಕಳೊಂದಿಗ ಅಂವಾ" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಳು. ಆ ರಾತ್ರಿ ಊಟದ ಗಂಗಾಳ ಅತ್ತ ಸರಿಸಿ, ಸಾವಕಾರ ಆರಾಮಾಗಿ ಗಾದಿಯ ಮೇಲೆ ಕೂಡುವತನಕ ತನಗೆ ಒಪ್ಪತ್ತು ಎಂದಳು. ದಿನಕ್ಕೆ ಒಂದೇ ಊಟ. ಯಾರೋ ಉದಗೀರಿನ ವ್ಯಾಪಾರಿ, ಅವಳು ಕಣ್ಣಿಂದ ಕಂಡವನಲ್ಲ. ಎರಡನೆಯ ವಾರ "ಜ್ವರ ಇಳದಿಲ್ಲ" ಎಂದ. ಮೂರನೆಯ ವಾರ "ಇಳದಾವ, ಆದ್ರ ಭಾಳ ಸುಸ್ತ ಅದ" ಎಂದ, ಸ್ವಲ್ಪ ಸ್ವಲ್ಪವಾಗಿಯಾದರೂ ಮನುಷ್ಯನನ್ನು ಬದುಕಿಸೋಣವೆಂದು. ಸಂಜೆ ಎಲ್ಲರೂ ಉಣ್ಣಲು ಕೂತಾಗ ಅವ್ವ ಗೋಡೆಗೆ ಆತು ಕೂತು ಬತ್ತಿ ಹೊಸೆಯುತ್ತಿದ್ದಳು. ಕುಪ್ಪಸದ ತೋಳು ಸಡಿಲಾಗಿದ್ದವು. ಅವಳ ಮುಂದೆ ಕೂತು ಅಂಬಣ್ಣ ಎರಡನೆಯ ರೊಟ್ಟಿಗೆ ಕೈಚಾಚುತ್ತಿದ್ದ. ನಾಚಿಕೆಯಾಗುತ್ತಿತ್ತು, ಹಸಿವೂ ಆಗುತ್ತಿತ್ತು. ಹಾಳು ಹೊಟ್ಟೆಗೆ ನಾಚಿಕೆ ಎಲ್ಲಿಯದು.

ಮತ್ತೆ ಇವತ್ತು ನಸುಕಿನಲ್ಲಿ ಹೊರಡುವಾಗ ಆಕೆ ಒಂದು ಗಂಟು ಕೈಗಿಟ್ಟಿದ್ದಳು. ಮಠದ ರಾಚಯ್ಯಸ್ವಾಮಿಗಳು ಮಂತ್ರಿಸಿಕೊಟ್ಟ ವಿಭೂತಿ, ಐದು ಬಿಲ್ವಪತ್ರೆ, ಒಂದು ತುಂಡು ಬೆಲ್ಲ. "ಸಾವಕಾರ್ರ ಕೈಯಾಗೇ ಕೊಡು. ಹಣಿಗಿ ಹಚ್ಚಕೊಳ್ಲಿಕ್ಕ ಹೇಳು. ಮರಿಬ್ಯಾಡ." ಊರಿಂದ ಉದಗೀರಿಗೆ ಎರಡು ಹರದಾರಿ. ಎಡಗೈಯಲ್ಲಿ ಹಿಡಿದ ಆ ಗಂಟು ಹೆಜ್ಜೆಹೆಜ್ಜೆಗೂ ಮೊಳಕಾಲಿಗೆ ಬಡಿಯುತ್ತಿತ್ತು. ಇವತ್ತೂ ಬಾಯಿ ಬಿಡದೆ ತಿರುಗಿ ಹೋದರೆ ಅವ್ವ ಇನ್ನೂ ಎಷ್ಟು ವಾರ ಹೀಗೆ ಗೋಡೆಗೆ ಆತು ಕೂಡುತ್ತಾಳೆ? ಊರಿನವನೊಬ್ಬ ಸಂತೆಗೆ ಹೋಗಿಬಂದು, ಮನ್ಮಥಪ್ಪ ಟಗರಿನಂಗ ಕುಂತಾನ, ಯಾರಿಗಿ ಜ್ವರ ಅಂತಿ ಅಂದರೆ? ಅವ್ವನ ಮುಖ ಆಗ ಹೇಗಾಗಬಹುದು ಎಂದು ನೆನೆಯಲು ಹೋಗಿ ನೆನೆಯಲಾರದೆ, ಅಂಬಣ್ಣ ದಾರಿಯ ಪಕ್ಕದ ಜೋಳದ ಹೊಲದಲ್ಲಿ ಹಕ್ಕಿ ಹೊಡೆಯುತ್ತಿದ್ದವನ ಕಡೆಗೆ ಕಣ್ಣು ಹೊರಳಿಸಿದ. ಮಂಚಿಗೆಯ ಮೇಲೆ ನಿಂತು ಎಂಥ ದನಿ ತೆಗೆಯುತ್ತಿದ್ದಾನೆ ಅವನು! ದನಿ ತನಗೂ ಇದೆ. ಸುಗ್ಗಿಯಲ್ಲಿ ಕಣದಲ್ಲಿ ರಾಶಿ ಅಳೆಯುವಾಗ ಕೊಳಗ ಎಣಿಸುವವನು ಊರಿಗೆಲ್ಲ ತಾನೇ. ಮೊದಲನೆಯದಕ್ಕೆ ಒಂದು ಎನ್ನಬಾರದು, "ಲಾಭ" ಎನ್ನಬೇಕು. ತಾನು ಲಾಭ ಎಂದರೆ ನಾಲ್ಕು ಹೊಲ ಆಚೆಯ ದನಗಳು ತಲೆಯೆತ್ತುತ್ತಿದ್ದವು. ಅಂಥ ದನಿ ಮನುಷ್ಯನೊಬ್ಬ ಎದುರಿಗೆ ನಿಂತು "ನೀ ಯಾರು, ನಿನಗೇನು ಬೇಕು" ಎಂದ ಕೂಡಲೆ ಎಲ್ಲಿ ಅಡಗುತ್ತದೆ? ನಿಲಂಗಾದ ಕಚೇರಿಯಲ್ಲಿಯೂ ಹಾಗೆಯೇ ಆಗಿತ್ತು. ಬದುವಿನ ತಕರಾರು, ಕರಿ ಶೇರವಾನಿ ತೊಟ್ಟ ಸಾಹೇಬ, ಮೇಜಿನ ಮೇಲೆ ಮಸಿಕುಡಿಕೆ. "ನಾಮ ಕ್ಯಾ?" ತನ್ನ ಹೆಸರು. ಇಪ್ಪತ್ತು ವರ್ಷದಿಂದ ತಾನು ಓಗೊಟ್ಟ ಹೆಸರು. ಅದು ಬರಲಿಲ್ಲ. ಸಾಹೇಬ ಮತ್ತೆ ಕೇಳಿದ, ಕಾರಕೂನ ಲೇಖನಿ ಎತ್ತಿ ಹಿಡಿದು ಕಾದ, ಹಿಂದೆ ಯಾರೋ ಕಿಸಕ್ಕೆಂದರು. ಕೊನೆಗೆ ಅಣ್ಣ ರೇವಣಪ್ಪ ಮುಂದೆ ಬಂದು "ಅಂಬಣ್ಣ ಅಂತರ್ರೀ ಸಾಹೇಬ" ಎಂದ. ಅಂದಿನಿಂದ ಸಂತೆಯಲ್ಲಿ, ಬೀಗರ ಮನೆಯಲ್ಲಿ, ಎಲ್ಲೆಲ್ಲಿಯೂ ಅವನ ಮಾತನ್ನು ಅಣ್ಣನೇ ಆಡುತ್ತ ಬಂದಿದ್ದ. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ, ಅದಕ್ಕೇ ತಾಳಿಕೊಳ್ಳಲಾಗುತ್ತಿರಲಿಲ್ಲ. ಒಂದು ದಿನ ಊಟದ ಹೊತ್ತಿಗೆ ಅಣ್ಣ "ಇಂವನ ಮಾತ ಎತ್ತು ಸೈತ ಕೇಳಂಗಿಲ್ಲ" ಎಂದು ಚೇಷ್ಟೆ ಮಾಡಿದ್ದಕ್ಕೇ, "ನಾ ಉದಗೀರದಾಗ ದುಕಾನದ ಕೆಲಸಕ್ಕ ಹೋಗ್ತೀನಿ" ಎಂದು ಎಲ್ಲರೆದುರು ಹೇಳಿಬಿಟ್ಟಿದ್ದ. ಎಲ್ಲರೂ ನಕ್ಕಿದ್ದರು. ಅವ್ವ ನಕ್ಕಿರಲಿಲ್ಲ.

ಕಿಲ್ಲೆಯ ಗೋಡೆ ಕಂಡು, ಊರು ಬಂದು, ಚೌಬಾರ ಮುಟ್ಟಿದಾಗ ಇನ್ನೂ ಎಳೆಬಿಸಿಲು. ಸಂತೆಯ ದಿನ, ಗದ್ದಲವಾಗುವುದಕ್ಕೆ ಮುಂಚೆಯೇ ಕೇಳಿಬಿಡಬೇಕೆಂದು ಲಗುಬಗೆಯಿಂದ ನಡೆದು ಬಂದಿದ್ದ. ಮನ್ಮಥಪ್ಪ ಸಾವಕಾರರು ತಾವೇ ಬಾಗಿಲ ಹಲಗೆ ತೆಗೆದಿಟ್ಟು, ಮುಂದೆ ನೀರು ಚಿಮುಕಿಸಿ, ಅರಿವೆ ಅಳೆಯುವ ಕಬ್ಬಿಣದ ಗಜಕ್ಕೆ ವಿಭೂತಿ ಹಚ್ಚಿ ಕಣ್ಣುಮುಚ್ಚಿ ನಿಂತಿದ್ದರು. ಊದಿನಕಡ್ಡಿಯ ಹೊಗೆ, ಹೊಸ ಮಾಂಜರಪಾಟು ಅರಿವೆಯ ಗಂಜಿಯ ವಾಸನೆ. ಆ ವಾಸನೆಗೆ ಅಂಬಣ್ಣನ ಮನಸ್ಸು ಒಂದು ಗಳಿಗೆ ಹಗುರಾಯಿತು. ಅರಿವೆ ಎಂದರೆ ಅವನಿಗೆ ಮೊದಲಿನಿಂದ ಆಸೆ. ಕತ್ತಲಲ್ಲಿ ಮುಟ್ಟಿ ಇದು ಯಾವ ಧೋತರ, ಎಷ್ಟು ಸಲ ಒಗೆದದ್ದು ಎಂದು ಹೇಳುತ್ತಿದ್ದ. ಸಾವಕಾರರು ಕಣ್ಣು ತೆರೆದರು. ಅಂಬಣ್ಣನನ್ನು ಕಂಡು ಅವರ ದಪ್ಪ ಮುಖವೆಲ್ಲ ಅರಳಿತು.

"ಬಾ ಬಾ, ಉಡದಾರದ ಮಾಲಕಾ! ಇವತ್ತ ಭಾಳ ಲಗೂನೇ ಬಂದೀದಿ. ಬೋಣಿ ನಿಂದೇ ಅನ್ನು." ಮರಾಠಿಯಲ್ಲಲ್ಲ, ಕನ್ನಡದಲ್ಲಿ. ಮೂರು ವಾರದಲ್ಲಿ ಅವನ ಭಾಷೆಯನ್ನೂ ಗುರುತು ಹಿಡಿದಿದ್ದರು. ಕೈ ಆಗಲೇ ಗೂಟಕ್ಕೆ ತೂಗುಹಾಕಿದ್ದ ಉಡದಾರದ ಜೊಂಪೆಗೆ ಹೋಗಿತ್ತು.

ಬೋಣಿ! ಆ ಶಬ್ದ ಕೇಳಿದ್ದೇ ಅಂಬಣ್ಣನಿಗೆ ತಾನು ಮಾಡಿಕೊಂಡ ಘಾತ ತಿಳಿಯಿತು. ದುಕಾನ ತೆಗೆದ ಮೇಲೆ ಮೊದಲ ವ್ಯಾಪಾರ ಆಗುವತನಕ ಯಾರೂ ಯಾರನ್ನೂ ಏನನ್ನೂ ಬೇಡಬಾರದು. ಉದ್ರಿ ಕೇಳಬಾರದು, ಬೀಡಿಗೆ ಬೆಂಕಿ ಸಹ ಕೇಳಬಾರದು; ಮೊದಲ ಮೆಟ್ಟಿಲು ಹತ್ತಿದವನು ಬರಿಗೈಯಲ್ಲಿ ಇಳಿದರೆ ಇಡೀ ದಿನ ಹಾಳು. ಇದು ಉದಗೀರಿನ ಕೂಸಿಗೂ ಗೊತ್ತಿರುವ ಮಾತು. ಅಂಥದರಲ್ಲಿ ತಾನು, ಸಂತೆಯ ದಿನ, ಎಲ್ಲರಿಗಿಂತ ಮೊದಲು, ಖಾಲಿ ಕಿಸೆ ಹೊತ್ತು, ಬೇಡಲು ಬಂದು ನಿಂತಿದ್ದಾನೆ. ಬುದ್ಧಿವಂತಿಕೆಗೆ ಬೆಂಕಿ ಬೀಳಲಿ. ಸಾವಕಾರರು ಉಡದಾರ ಮುಂದೆ ಚಾಚಿದರು. ಏನಾದರೂ ಹೇಳಲೇಬೇಕು. ಅಂಬಣ್ಣನ ಬಾಯಿ ತೆರೆಯಿತು.

"ರೊಕ್ಕ ಇಲ್ರಿ."

ಸಾವಕಾರರ ಕೈ ಗಾಳಿಯಲ್ಲೇ ನಿಂತಿತು. "ಏನಂದಿ? ಮುಂಜಾನಿ ಮೊದಲನೇ ಮಾತಿಗೇ ಇಲ್ಲಾ ಅಂತೀಯೇನೋ? ಉದ್ರಿ ಕೇಳ್ಲಿಕ್ಕ ಬಂದೀಯೇನು, ಬೋಣಿ ಆಗಲಾರದ?"

"ಉದ್ರಿ ಅಲ್ರಿ..."

"ಮತ್ತ ಯಾಕ ಬಂದಿ?"

ಯಾಕೆ ಬಂದೆ! ನಿಲಂಗಾದ ಕಚೇರಿಯೇ ಎದ್ದು ಬಂದು ದುಕಾನದೊಳಗೆ ಕೂತಿತು. ಎದುರಿನ ಕಿರಾಣಿಯವನು ತಕ್ಕಡಿ ಒರೆಸುವುದನ್ನು ಬಿಟ್ಟು ನೋಡುತ್ತಿದ್ದ. ಅಣ್ಣ ಇದ್ದಿದ್ದರೆ ಎಂದು ಒಂದು ಕ್ಷಣ ಅನಿಸಿತು, ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು. ಅವನು ತಿರುಗಿ ಮೆಟ್ಟಿಲಿಳಿದ. ಹಿಂದಿನಿಂದ ಸಾವಕಾರರು "ಶಿವ ಶಿವಾ, ಹಾಳ ಮಾಡಿದಲ್ಲೋ ದಿನಾ" ಎಂದದ್ದು ಬೆನ್ನಿಗೆ ಬಂದು ತಾಗಿತು. ಹತ್ತು ಹೆಜ್ಜೆ, ಬೇವಿನ ಗಿಡದತನಕ, ಅದರಾಚೆ ಓಣಿ, ಓಣಿ ದಾಟಿದರೆ ಊರಿನ ದಾರಿ. ಹೋಗಿಬಿಡಬಹುದು. ಅವ್ವನಿಗೆ ಏನು ಹೇಳುವುದು? ಹೇಳುವುದೇನು, ಮಾತು ಆಗಲೇ ನಾಲಿಗೆಯ ಮೇಲೆ ತಯಾರಾಗಿ ಕೂತಿತ್ತು. ಅವನು ಹುಡುಕಿರಲೂ ಇಲ್ಲ. ಸಾವಕಾರ ಹೋಗಿಬಿಟ್ಟ, ಯವ್ವಾ. ನಿನ್ನೆಯೇ ಮಣ್ಣು ಮಾಡಿದರು.

ಅಂಬಣ್ಣನ ಕಾಲು ನಿಂತವು. ಬೇವಿನ ಗಿಡಕ್ಕೆ ಕೈ ಆನಿಸಿದ. ಇಷ್ಟು ಸಲೀಸಾಗಿ, ಇಷ್ಟು ನುಣ್ಣಗೆ, ಒಬ್ಬ ಮನುಷ್ಯನನ್ನು ಕೊಂದೆನಲ್ಲ. ಅವ್ವನ ಒಪ್ಪತ್ತು ಮುಗಿಯಿತು ಅಂತಲೂ ಒಳಗೊಂದು ದನಿ ಲೆಕ್ಕ ಹಾಕುತ್ತಿತ್ತು. ಅವಳು ಸುಮ್ಮನೆ ಬಿಡುತ್ತಾಳೆಯೇ? ಕಂಡರಿಯದ ಆ ಮನುಷ್ಯನಿಗಾಗಿ ಅಳುತ್ತಾಳೆ, ತನ್ನ ಹರಕೆಯಲ್ಲಿ ಏನೋ ಕೊರತೆಯಾಯಿತು ಎಂದು ಹಣೆ ಬಡಿದುಕೊಳ್ಳುತ್ತಾಳೆ. ಹಿಂದೆ ತಿರುಗಿ ನೋಡಿದ. ಸತ್ತ ಮನುಷ್ಯ ಗಾದಿಯ ಮೇಲೆ ಕೂತು ತಪಕೀರು ಏರಿಸುತ್ತ, ಸಂಕಟದ ಮುಖ ಮಾಡಿಕೊಂಡು ರಸ್ತೆ ನೋಡುತ್ತಿದ್ದ. ಬಾಯಿ ಕಟ್ಟುವುದಕ್ಕೆ ಅಂಬಣ್ಣ ಇಷ್ಟು ದಿನ ಹೆದರಿದ್ದ. ಈಗ ಅದು ಹೀಗೆ ತೆರೆದುಕೊಂಡಿದ್ದಕ್ಕೆ ಹೆದರಿದ, ಮತ್ತು ಆ ಹೆದರಿಕೆ ದೊಡ್ಡದಾಗಿತ್ತು. ಗಂಟು ಮೊಳಕಾಲಿಗೆ ಬಡಿಯುತ್ತ, ಹತ್ತು ಹೆಜ್ಜೆಯನ್ನೂ ತಿರುಗಿ ನಡೆದು ಮೆಟ್ಟಿಲು ಹತ್ತಿದ.

"ಮತ್ತ ಬಂದ್ಯಾ?" ಸಾವಕಾರರು ಎದ್ದೇಬಿಟ್ಟರು.

"ಕೇಳ್ಲಿಕ್ಕ ಬಂದಿಲ್ರಿ. ಕೊಡ್ಲಿಕ್ಕ ಬಂದೀನ್ರಿ." ಗಂಟು ಬಿಚ್ಚಿ ಗಾದಿಯ ಅಂಚಿಗೆ ಇಟ್ಟ. "ಇಭೂತಿ, ಪತ್ರಿ. ನಮ್ಮವ್ವ ಕಳಿಸ್ಯಾಳ್ರಿ. ನಿಮಗ ಆರಾಮ ಆಗ್ಲಿ ಅಂತ."

"ನನಗ?" ಸಾವಕಾರರು ಸೋಜಿಗದಿಂದ ನೋಡಿದರು. "ನನಗೇನಾಗ್ಯದೋ?"

"ಜ್ವರ ಬಂದಾವಂತ ನಾ ಸುಳ್ಳ ಹೇಳೀನ್ರಿ." ಆಮೇಲೆ ತಡೆಯಲೇ ಇಲ್ಲ. ಕೆಲಸ ಕೇಳಲು ಬಂದದ್ದು, ಮೂರು ವಾರವೂ ಬಾಯಿ ಬಾರದೆ ಉಡದಾರ ಕೊಂಡದ್ದು, ದುಕಾನ ಮುಚ್ಚಿದೆ ಎಂದದ್ದು, ಅವ್ವ ಒಪ್ಪತ್ತು ಹಿಡಿದದ್ದು, ಕಿಸೆ ಖಾಲಿ ಮಾಡಿಕೊಂಡು ಬಂದದ್ದು, ಈಗಷ್ಟೇ ಬೇವಿನ ಗಿಡದ ಬುಡದಲ್ಲಿ ಅವರನ್ನು ಸಾಯಿಸಿದ್ದು ಸಹ. ಅದನ್ನು ಹೇಳಬೇಕಾಗಿರಲಿಲ್ಲ. ಒಂದರ ಹಿಂದೆ ಒಂದು ಬರುವಾಗ ಅದೂ ಬಂದುಬಿಟ್ಟಿತು.

ಸಾವಕಾರರ ಕೈ ತಾನಾಗಿ ಕುತ್ತಿಗೆಗೆ ಹೋಗಿ ಜ್ವರ ಇದೆಯೋ ಹೇಗೆ ಎಂದು ಮುಟ್ಟಿ ನೋಡಿತು. ಅವರ ಮುಖ ಕೆಂಪಾಯಿತು. ಬೈಗುಳಕ್ಕೆ ಅಂಬಣ್ಣ ತಲೆ ಬಗ್ಗಿಸಿ ಕಾದ.

"ಎಷ್ಟ ದಿನ ಆಯ್ತೋ ಒಪ್ಪತ್ತು?"

"ಇಪ್ಪತ್ತೊಂದ್ರಿ."

"ನಿಮ್ಮವ್ವಗ ವಯಸ್ಸೆಷ್ಟು?"

"ಅರವತ್ತರ ಮ್ಯಾಲ ಆಗ್ಯಾವ್ರಿ."

ಸಾವಕಾರರು ನಿಧಾನ ಕುಳಿತರು. "ಇಪ್ಪತ್ತೊಂದ ದಿನ," ಎಂದರು ತಮಗೆ ತಾವೇ. "ನಾ ಇಲ್ಲಿ ದಿನಾ ರಾತ್ರಿ ತುಪ್ಪಾ ಹಾಕೊಂಡ ಉಂಡೀನಲ್ಲೋ. ಹ್ವಾದ ಸ್ವಾಮಾರ ಹೋಳಿಗಿ ಬ್ಯಾರೆ! ನನಗ ಖರೇನೇ ಬ್ಯಾನಿ ಬಂದಾಗ ಮನ್ಯಾಗಿನವರು ಸೈತ ಒಂದ ಹೊತ್ತ ಬಿಟ್ಟಿಲ್ಲ." ಆಮೇಲೆ ತಂಬಿಗೆಯ ನೀರಿನಿಂದ ಕೈ ತೊಳೆದು, ವಿಭೂತಿಯನ್ನು ಹಣೆಗೆ ಮೂರು ಬೆರಳಿನಿಂದ ಎಳೆದುಕೊಂಡು, ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡು, ಬಿಲ್ವಪತ್ರೆಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. "ಇಂಥಾ ಬೋಣಿ ನಮ್ಮಪ್ಪನ ಕಾಲಕ್ಕೂ ಆಗಿದ್ದಿಲ್ಲ. ಬೋಣಿ ಆಯ್ತು, ಈಗ ಕೇಳು. ಏನ್ ಕೇಳ್ಲಿಕ್ಕ ಬಂದಿದ್ದಿ?"

"ನನ್ನ ಕೆಲಸಕ್ಕ ಇಟಗೋರಿ."

ಇಷ್ಟೇ. ಇದಕ್ಕಾಗಿ ನಾಲ್ಕು ವಾರ. ಎಷ್ಟು ಸಣ್ಣ ಮಾತು! ಅದಕ್ಕಿಂತ ಹತ್ತು ಪಟ್ಟು ಭಾರದ್ದೆಲ್ಲ ಹೊರಗೆ ಬಿದ್ದ ಮೇಲೆ ಇದು ಬಂದದ್ದೇ ಗೊತ್ತಾಗಲಿಲ್ಲ. ಅಂಬಣ್ಣನಿಗೆ ನಗು ಬಂತು, ತಡೆದುಕೊಂಡ.

"ಸುಳ್ಳ ಹೇಳಾಂವನ್ನ ದುಕಾನದಾಗ ಹ್ಯಾಂಗ ಇಟಗೋಬೇಕು?" ಎಂದು ಸಾವಕಾರರು ಹುಬ್ಬೇರಿಸಿದರು. "ಅಲ್ಲಾ, ನಿನಗ ಅದು ಚಲೋತ್ನಾಗಿ ಬರಂಗೂ ಇಲ್ಲ. ಬಂದಿದ್ರ ಇಷ್ಟೊತ್ತಿಗಿ ನಾ ಸತ್ತಿದ್ದೆ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಬುಟ್ಟಿ ಇಳಿಸಿದಳು. ಕಸ್ತೂರಬಾಯಿ ಎಂದು, ಹತ್ತಿರದ ಹಳ್ಳಿಯವಳು. ಮೊಮ್ಮಗಳ ಮದುವೆಗೆ ಮಾಂಜರಪಾಟು ಬೇಕಾಗಿತ್ತು. ಸಾವಕಾರರು ಗಜವನ್ನು ಅಂಬಣ್ಣನ ಕಡೆಗೆ ದೂಡಿ, ತಾವು ಲೋಡಿಗೆ ಒರಗಿ, ಜ್ವರದಿಂದ ಎದ್ದವರ ಹಾಗೆ ಕಣ್ಣು ಅರ್ಧ ಮುಚ್ಚಿದರು. ಅಂಬಣ್ಣ ಮಾಂಜರಪಾಟಿನ ಒಂದು ಥಾನ ಬಿಚ್ಚಿದ. ಎರಡು ಬೆರಳಿನ ನಡುವೆ ಅರಿವೆಯನ್ನು ತಿಕ್ಕಿದ. "ಆಯೀ, ಇದು ಬ್ಯಾಡ್ರಿ. ಗಂಜಿನೇ ಭಾಳ ಅದ, ಒಂದ ಸಲ ಒಗದ್ರ ಜಾಳ ಆಗ್ತದ. ಇದು ತಗೋರಿ" ಎಂದು ಇನ್ನೊಂದನ್ನು ಎಳೆದ. ಹೇಳಿದ ಮೇಲೆ ಸಾವಕಾರರ ಮಾಲನ್ನೇ ಹೀಗಳೆದೆನಲ್ಲ ಎಂದು ಹೊಳೆದು ಅವರತ್ತ ನೋಡಿದ, ಆದರೆ ಮುಚ್ಚಿದ ಕಣ್ಣು ತೆರೆಯಲಿಲ್ಲ. ಗಜಕ್ಕೆ ಅರಿವೆ ಹಿಡಿದ. ಅಳೆಯುವ ಕೆಲಸ ಕೈಗೆ ಸಿಕ್ಕಿದ್ದೇ ಅವನಿಗೆ ಜೋಳದ ರಾಶಿ, ತೂರುವ ಗಾಳಿ, ಎಲ್ಲ ನೆನಪಾಗಿ, ಎದೆ ತುಂಬ ಉಸಿರು ಬಂದು,

"ಲಾಭ!"

ಎದುರಿನ ಕಿರಾಣಿಯವನ ತಕ್ಕಡಿ ಝಣಕ್ಕೆಂದಿತು. ಬೇವಿನ ಗಿಡದ ಕಾಗೆಗಳು ಹಾರಿದವು. ಸಾವಕಾರರು ಬೆಚ್ಚಿ ಎದ್ದು ಕೂತು, ಹೊಟ್ಟೆ ಹಿಡಿದುಕೊಂಡು ನಗಲು ಹತ್ತಿದರು. "ಅರೇ, ಇದು ಕಣ ಅಲ್ಲೋ ತಮ್ಮಾ! ಅರಿವೀಗಿ ಲಾಭ ಅಂದಾಂವ ನೀನೇ ಮೊದಲು."

"ಅನ್ಲಿ ಬಿಡ್ರಿ ಸಾವಕಾರ್ರ," ಎಂದಳು ಕಸ್ತೂರಬಾಯಿ. "ಮದಿವಿ ಅರಿವಿ. ಹಾಂಗೇ ಅಳಿಯಪ್ಪಾ ನೀ."

ಎರಡು, ಮೂರು, ನಾಲ್ಕು. ಅಂಬಣ್ಣ ಅಳೆದ. ದನಿ ಇಳಿಸಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಸಾವಕಾರರು ಅವನನ್ನು ಅಳತೆಯ ಕೆಲಸದಿಂದ ಎಬ್ಬಿಸಿದರು. ಒಂದು ವಾರ ನೋಡುತ್ತೇನೆ, ಆಮೇಲೆ ಪಗಾರದ ಮಾತು ಎಂದರು. "ಇವತ್ತ ಲಗೂ ಹೋಗು. ಹೊತ್ತ ಮುಣಗೂದರಾಗ ಮನಿ ಮುಟ್ಟು. ನಿಮ್ಮವ್ವ ಇವತ್ತ ರಾತ್ರಿ ಉಣ್ಣಬೇಕು. ನಾ ಗಾದಿ ಮ್ಯಾಲ ಕುಂತೀನಿ ಅಂತ ಹೇಳು, ಅದರಾಗೇನೂ ಸುಳ್ಳಿಲ್ಲ." ಆಮೇಲೆ ಗೂಟದಿಂದ ಒಂದು ಉಡದಾರ ಬಿಡಿಸಿ ಅವನ ಖಾಲಿ ಕಿಸೆಗೆ ತುರುಕಿದರು. "ತಗೋ. ರೂಢಿ ತಪ್ಪಬಾರದು."

ದಾರಿ ಅದೇ, ಎರಡು ಹರದಾರಿ. ಜೋಳದ ಹೊಲದವನು ಇನ್ನೂ ಹಕ್ಕಿ ಹೊಡೆಯುತ್ತಲೇ ಇದ್ದ. ಅಂಬಣ್ಣ ಅವನಿಗೆ ಕೂಗಿ ರಾಮರಾಮ ಹೇಳಿದ, ಗುರುತಿಲ್ಲದಿದ್ದರೂ. ಗಾದಿ ಮ್ಯಾಲ ಕುಂತಾರ ಎಂದಷ್ಟೇ ಹೇಳಿ ಬಿಟ್ಟರೆ ಎಲ್ಲ ಸುಸೂತ್ರ. ಅವ್ವ ಉಣ್ಣುತ್ತಾಳೆ, ಸುಳ್ಳು ತಾನಾಗಿ ಒಣಗಿ ಹೋಗುತ್ತದೆ. ಈ ಯೋಚನೆ ಊರ ಅಗಸೆಬಾಗಿಲತನಕ ಅವನ ಜೊತೆ ಬಂತು. ಅಗಸೆಯಲ್ಲಿ ಅದನ್ನು ಬಿಟ್ಟು ಒಳಗೆ ಬಂದ.

ದೀಪ ಹಚ್ಚುವ ಹೊತ್ತು. ಅಣ್ಣ ಎತ್ತಿಗೆ ಮೇವು ಹಾಕುತ್ತಿದ್ದ, ಪ್ರಯಾಗಬಾಯಿ ರೊಟ್ಟಿ ಬಡಿಯುತ್ತಿದ್ದಳು, ಅವ್ವ ಗೋಡೆಗೆ ಆತು ಬತ್ತಿ ಹೊಸೆಯುತ್ತಿದ್ದಳು. ಅಂಬಣ್ಣ ಚಪ್ಪಲಿ ಬಿಟ್ಟವನೇ ಅವಳ ಮುಂದೆ ಕುಕ್ಕರಿಸಿದ.

"ಅವ್ವಾ, ಕೆಲಸ ಸಿಕ್ತು. ಮತ್ತ... ಸಾವಕಾರ್ರಿಗಿ ಜ್ವರ ಬಂದೇ ಇದ್ದಿಲ್ಲವ್ವಾ. ನಾ ಸುಳ್ಳ ಹೇಳಿದ್ದೆ."

ಪ್ರಯಾಗಬಾಯಿಯ ಕೈ ಬಡಿಯುವುದನ್ನು ನಿಲ್ಲಿಸಿತು. ಅವ್ವ ಬತ್ತಿಯನ್ನು ಪೂರಾ ಹೊಸೆದು ಬುಟ್ಟಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡಳು.

"ಗೊತ್ತದ. ಮೊದಲನೇ ವಾರಾನೇ ಸಂದೂಕಿನ್ಯಾಗಿನ ನಿನ್ನ ಹಳೀ ಅಂಗಿ ಝಾಡಸಬೇಕಾದ್ರ ಉಡದಾರ ಬಿತ್ತು, ಹಾಂಗೇ ಸುತ್ತಿಟ್ಟೆ. ದುಕಾನ ಮುಚ್ಚಿದ್ರ ಉಡದಾರ ಎಲ್ಲಿಂದ ಬರ್ತದೋ?"

ಕಿಸೆಯಲ್ಲಿದ್ದ ನಾಲ್ಕನೆಯದನ್ನು ಅಂಬಣ್ಣನ ಬೆರಳು ಸುಮ್ಮನೆ ಹಿಡಿದುಕೊಂಡಿತು. "ಗೊತ್ತಿದ್ದೂ ಮತ್ತ ಒಪ್ಪತ್ತ ಯಾಕ ಮಾಡಿದಿ?"

"ಬ್ಯಾನಿ ಬಿದ್ದಾಂವ ಆರಾಮಾಗ್ಲಿ ಅಂತ ಬೇಡಕೊಂಡಿದ್ದೆ," ಎಂದಳು ಅವ್ವ, ಅವನ ಗಲ್ಲ ಮುಟ್ಟಿ. "ದೇವರ ಮುಂದ ಯಾರಂತ ಹೆಸರ ಹೇಳಿದ್ದಿಲ್ಲ." ಮೊಳಕಾಲಿಗೆ ಕೈಯೂರಿ ಎದ್ದು ಬಂದು ಒಲೆಯ ಮುಂದೆ ಕೂತಳು. "ಪ್ರಯಾಗಾ, ಗಂಗಾಳ ಇಡವ್ವಾ. ಹಸದೀನಿ. ಎರಡ ರೊಟ್ಟಿ ಹಾಕು."